ನ್ಯೂಯಾರ್ಕ್ ಮೇಯರ್ ಚುನಾವಣೆ: ಐದೂ ಕಾಲಂ ಏಕೆ ತುಂಬಬೇಕು

2021ರ ಜೂನ್ 22ರಂದು ನಡೆದ ನ್ಯೂಯಾರ್ಕ್ ನಗರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಮೇಯರ್ ಸ್ಥಾನಕ್ಕೆ 9,42,031 ಮತಪತ್ರಗಳು ಎಣಿಕೆಗೆ ಬಂದವು. ಎಂಟು ಸುತ್ತು ಮುಗಿದಾಗ ಎರಿಕ್ ಆಡಮ್ಸ್‌ಗೆ 4,04,513 ಮತ, ಕ್ಯಾಥ್ರಿನ್ ಗಾರ್ಸಿಯಾಗೆ 3,97,316. ಅಂತರ 7,197. ಸುದ್ದಿಯಾಗಿದ್ದು ಈ ಅಂತರ. ಆದರೆ ಅದೇ ಫಲಿತಾಂಶದ ಹಾಳೆಯಲ್ಲಿ ಇನ್ನೊಂದು ಅಂಕಿ ಇತ್ತು, 1,40,202. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಯಾರ ಲೆಕ್ಕಕ್ಕೂ ಸೇರದೆ ಹೊರಬಿದ್ದ ಮತಪತ್ರಗಳು ಅಷ್ಟು. ಗೆಲುವಿನ ಅಂತರದ ಹತ್ತೊಂಬತ್ತು ಪಟ್ಟಿಗೂ ಹೆಚ್ಚು.

ಇವುಗಳಲ್ಲಿ ಬಹುಪಾಲು ಅಸಿಂಧು ಮತಗಳಲ್ಲ. ಮತದಾರರು ಮತಗಟ್ಟೆಗೆ ಬಂದಿದ್ದಾರೆ, ಸರಿಯಾಗಿ ಗುರುತು ಮಾಡಿದ್ದಾರೆ, ಮೊದಲ ಸುತ್ತಿನಲ್ಲಿ ಅವರ ಮತ ಎಣಿಕೆಯೂ ಆಗಿದೆ. ಅವರು ಬರೆದ ಪಟ್ಟಿಯಲ್ಲಿ ಕೊನೆಗೆ ಉಳಿದ ಇಬ್ಬರ ಹೆಸರು ಇರಲಿಲ್ಲ, ಅಷ್ಟೇ. ನ್ಯೂಯಾರ್ಕಿನ ಈ ಪ್ರಾಶಸ್ತ್ಯ ಮತ ಪದ್ಧತಿಯನ್ನು ಅರ್ಥ ಮಾಡಿಕೊಳ್ಳಲು ಈ ಸಂಖ್ಯೆಗಿಂತ ಒಳ್ಳೆಯ ಜಾಗವಿಲ್ಲ.

ನಮಗೆ ಗೊತ್ತಿರುವ ಪದ್ಧತಿಯೇ, ಆದರೆ ಪೂರ್ತಿ ಅದೇ ಅಲ್ಲ

ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದ ಮತದಾರರಾಗಿದ್ದವರಿಗೆ ಪ್ರಾಶಸ್ತ್ಯ ಮತ ಹೊಸದಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯುತ್ತೇವೆ. ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರನ್ನಾಗಿ ಹೊರಗಿಟ್ಟು ಅವರ ಮತಗಳ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾರೆ. ನ್ಯೂಯಾರ್ಕಿನ ತಿರುಳೂ ಇದೇ. ಆದರೆ ಮೂರು ಕಡೆ ವ್ಯತ್ಯಾಸವಿದೆ, ಮೂರೂ ಮುಖ್ಯ.

ಮೊದಲನೆಯದು, ಅಲ್ಲಿ ಅಂಕಿ ಬರೆಯುವಂತಿಲ್ಲ. ಎಡಗಡೆ ಸಾಲಾಗಿ ಅಭ್ಯರ್ಥಿಗಳ ಹೆಸರು, ಬಲಗಡೆ ಒಂದರಿಂದ ಐದರವರೆಗೆ ಕಾಲಂ, ಪ್ರತಿ ಚೌಕದಲ್ಲೂ ಒಂದು ಮೊಟ್ಟೆಯಾಕಾರದ ಖಾಲಿ ಗುರುತು. ಒಂದು ಕಾಲಂನಲ್ಲಿ ಒಂದೇ ಗುರುತನ್ನು ಪೂರ್ತಿ ತುಂಬಬೇಕು. ಎರಡನೆಯದು, ಎಷ್ಟೇ ಅಭ್ಯರ್ಥಿಗಳಿದ್ದರೂ ಐವರಿಗೆ ಮಾತ್ರ ಪ್ರಾಶಸ್ತ್ಯ ಕೊಡಬಹುದು. 2021ರಲ್ಲಿ ಡೆಮಾಕ್ರಟಿಕ್ ಕಣದಲ್ಲಿ 13 ಜನ ಇದ್ದರು, ಹಾಗಾಗಿ ಎಂಟು ಹೆಸರು ಹೇಗಿದ್ದರೂ ಹೊರಗೇ. ಮೂರನೆಯದು ಗೆಲುವಿನ ಲೆಕ್ಕ. ನಮ್ಮಲ್ಲಿ ಸಿಂಧುವಾದ ಒಟ್ಟು ಮತಗಳ ಅರ್ಧಕ್ಕೆ ಒಂದು ಸೇರಿಸಿ ಗೆಲುವಿನ ಕೋಟಾ ನಿಗದಿ ಮಾಡುತ್ತಾರೆ. ನ್ಯೂಯಾರ್ಕಿನಲ್ಲಿ ಆಯಾ ಸುತ್ತಿನಲ್ಲಿ ಇನ್ನೂ ಜೀವಂತವಾಗಿರುವ ಮತಪತ್ರಗಳು ಮಾತ್ರ ಲೆಕ್ಕಕ್ಕೆ. ಆದ್ದರಿಂದಲೇ ಆಡಮ್ಸ್ ಶೇ. 50.4 ಪಡೆದರು ಎಂದು ದಾಖಲಾಯಿತು. ಮತ ಹಾಕಿದ ಒಟ್ಟು 9.42 ಲಕ್ಷ ಜನರ ಲೆಕ್ಕದಲ್ಲಿ ನೋಡಿದರೆ ಅದು ಸುಮಾರು ಶೇ. 43.

ಇದನ್ನು ಮೋಸ ಎನ್ನುವುದು ತಪ್ಪು. ಹಳೆಯ ಪದ್ಧತಿಯಲ್ಲಿ ಏನಾಗುತ್ತಿತ್ತು ಎಂದು ನೋಡಿದರೆ ಇದು ಎಷ್ಟೋ ಮೇಲು.

40 ಶೇಕಡಾದ ನಿಯಮ ಮತ್ತು 2013ರ ಪಾಠ

1969ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತಗಳು ಐದು ಕಡೆ ಹಂಚಿಹೋಗಿ, ಮಾರಿಯೋ ಪ್ರೊಕಾಚಿನೊ ಮೂರನೇ ಒಂದು ಪಾಲಿನಷ್ಟು ಮತದಲ್ಲೇ ಗೆದ್ದರು. ಆಗಿನ ಮೇಯರ್ ಜಾನ್ ಲಿಂಡ್ಸೆ ತಮ್ಮ ರಿಪಬ್ಲಿಕನ್ ಪ್ರೈಮರಿಯಲ್ಲಿ ಸೋತಿದ್ದರೂ ಲಿಬರಲ್ ಪಕ್ಷದ ಹೆಸರಲ್ಲಿ ನವೆಂಬರಿನಲ್ಲಿ ಗೆದ್ದುಬಿಟ್ಟರು. ಅದಾದ ಮೇಲೆ ಬಂದ ನಿಯಮ ಹೀಗಿತ್ತು: ಮೇಯರ್, ಕಂಟ್ರೋಲರ್ (ನಗರದ ಲೆಕ್ಕಪತ್ರ ನೋಡುವವರು), ಪಬ್ಲಿಕ್ ಅಡ್ವೊಕೇಟ್ (ಜನರ ದೂರು ಆಲಿಸುವವರು) ಮುಂತಾದ ನಗರಮಟ್ಟದ ಹುದ್ದೆಗಳ ಪ್ರೈಮರಿಯಲ್ಲಿ ಯಾರಿಗೂ ಶೇ. 40 ಬಾರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಚುನಾವಣೆ. 1977ರಲ್ಲಿ ಎಡ್ ಕಾಕ್ ಮತ್ತು ಮಾರಿಯೋ ಕ್ವೋಮೊ ಮುಖಾಮುಖಿಯಾಗಿದ್ದು ಇಂಥದ್ದೇ ಎರಡನೇ ಸುತ್ತಿನಲ್ಲಿ.

ಈ ನಿಯಮದ ದೌರ್ಬಲ್ಯ ಕಣ್ಣಿಗೆ ರಾಚಿದ್ದು 2013ರಲ್ಲಿ. ಪಬ್ಲಿಕ್ ಅಡ್ವೊಕೇಟ್ ಹುದ್ದೆಗೆ ಲೆಟಿಷಿಯಾ ಜೇಮ್ಸ್ ಮತ್ತು ಡೇನಿಯಲ್ ಸ್ಕ್ವಾಡ್ರನ್ ನಡುವೆ ಅಕ್ಟೋಬರ್ 1ರಂದು ಮರುಚುನಾವಣೆ ನಡೆಯಿತು. ಆ ಕಚೇರಿಯ ಇಡೀ ವರ್ಷದ ಬಜೆಟ್ ಸುಮಾರು 23 ಲಕ್ಷ ಡಾಲರ್. ಆ ಒಂದು ದಿನದ ಚುನಾವಣೆಗೆ ತಗುಲಿದ್ದು ಸುಮಾರು 1.3 ಕೋಟಿ ಡಾಲರ್. ಬಂದು ಮತ ಹಾಕಿದವರು ನೂರಕ್ಕೆ ಏಳು ಜನವೂ ಇಲ್ಲ. ಎರಡನೇ ಸಲ ಮತಗಟ್ಟೆಗೆ ಕರೆಯುವ ಬದಲು ಎರಡನೇ ಆಯ್ಕೆಯನ್ನು ಮೊದಲ ದಿನವೇ ಬರೆಸಿಕೊಳ್ಳೋಣ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿರಲಿಲ್ಲ. 2019ರ ನವೆಂಬರಿನಲ್ಲಿ ನಗರದ ಚಾರ್ಟರ್ (ಆಡಳಿತದ ಮೂಲ ಕಾನೂನು) ತಿದ್ದುಪಡಿಯನ್ನು ಜನಮತಕ್ಕೆ ಹಾಕಿದಾಗ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಹೌದು ಎಂದರು. 2021ರ ಫೆಬ್ರವರಿಯಲ್ಲಿ ನಗರದ ಕ್ವೀನ್ಸ್ ಭಾಗದ ಒಂದು ಕೌನ್ಸಿಲ್ ಉಪಚುನಾವಣೆಯಲ್ಲಿ ಮೊದಲ ಪ್ರಯೋಗ, ನಾಲ್ಕು ತಿಂಗಳಲ್ಲಿ ಮೇಯರ್ ಪ್ರೈಮರಿ.

ಅಂದ ಹಾಗೆ, ನ್ಯೂಯಾರ್ಕಿಗೆ ಪ್ರಾಶಸ್ತ್ಯ ಮತ ಅದಕ್ಕೂ ಮೊದಲೇ ಗೊತ್ತಿತ್ತು. 1937ರಿಂದ 1945ರವರೆಗೆ ಅಲ್ಲಿನ ಸಿಟಿ ಕೌನ್ಸಿಲ್ಲನ್ನೇ ವರ್ಗಾವಣೆಯಾಗುವ ಮತದಿಂದ ಆರಿಸುತ್ತಿದ್ದರು. 1947ರಲ್ಲಿ ಅದನ್ನು ರದ್ದು ಮಾಡಿದರು.

ಜೂನ್‌ನಲ್ಲೇ ಮುಗಿಯುವ ಚುನಾವಣೆ

ಬೆಂಗಳೂರಿನ ಮೇಯರ್ ಎಂದರೆ ಕಾರ್ಪೊರೇಟರ್‌ಗಳು ಒಂದು ವರ್ಷಕ್ಕೆ ಆರಿಸುತ್ತಿದ್ದ ವ್ಯಕ್ತಿ ಎಂಬ ಚಿತ್ರ ತಲೆಯಲ್ಲಿದ್ದರೆ ಅದನ್ನು ಪಕ್ಕಕ್ಕಿಡಬೇಕು. ನ್ಯೂಯಾರ್ಕ್ ಮೇಯರನ್ನು ಜನ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ನೂರು ಶತಕೋಟಿ ಡಾಲರ್ ಮೀರಿದ ವಾರ್ಷಿಕ ಬಜೆಟ್, ಪೊಲೀಸ್ ಇಲಾಖೆ, ಸರ್ಕಾರಿ ಶಾಲೆಗಳು, ಎಲ್ಲದರ ಮೇಲೂ ಅವರ ಕೈ ಇರುತ್ತದೆ.

ನಗರದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ನೋಂದಾಯಿಸಿಕೊಂಡವರು 30 ಲಕ್ಷ ಮೀರುತ್ತಾರೆ. ಹಾಗಾಗಿ ಜೂನ್‌ನ ಪ್ರೈಮರಿಯಲ್ಲಿ ಗೆದ್ದವರು ನವೆಂಬರಿನಲ್ಲಿ ಗೆಲ್ಲುವುದು ಹೆಚ್ಚುಕಡಿಮೆ ಖಚಿತ. ಆದರೆ ಇದು ಮುಚ್ಚಿದ ಪ್ರೈಮರಿ: ಪಕ್ಷದಲ್ಲಿ ಹೆಸರು ನೋಂದಾಯಿಸದವರಿಗೆ ಮತವಿಲ್ಲ. ಹೊಸದಾಗಿ ಪೌರತ್ವ ಪಡೆದ ನಮ್ಮವರು ಎಡವುವುದು ಇಲ್ಲೇ. ಮತದಾರರ ನೋಂದಣಿ ಅರ್ಜಿಯಲ್ಲಿ ಪಕ್ಷದ ಪೆಟ್ಟಿಗೆ ಇರುತ್ತದೆ. 'ಯಾವ ಪಕ್ಷದ ಗೊಡವೆಯೂ ಬೇಡ' ಎಂದು ಅದನ್ನು ಖಾಲಿ ಬಿಟ್ಟರೆ ಜೂನ್‌ನಲ್ಲಿ ಮೇಯರ್ ಮತಪತ್ರವೇ ಸಿಗುವುದಿಲ್ಲ. ಹೀಗೆ ಪಕ್ಷವಿಲ್ಲದೆ ನೋಂದಾಯಿಸಿಕೊಂಡವರು ನಗರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚಿದ್ದಾರೆ.

ದಿನಾಂಕಗಳು ಇನ್ನೂ ಕಠಿಣ. ಈಗಾಗಲೇ ಮತದಾರರಾಗಿದ್ದವರು ಪಕ್ಷ ಬದಲಿಸಲು, ಅಥವಾ ಖಾಲಿ ಬಿಟ್ಟಿದ್ದನ್ನು ತುಂಬಲು, ಫೆಬ್ರವರಿ 14 ಕೊನೆಯ ದಿನ. ಅದರ ಮರುದಿನ ಅರ್ಜಿ ತಲುಪಿದರೆ ಪ್ರೈಮರಿ ಮುಗಿಯುವವರೆಗೆ ಅದು ಜಾರಿಗೆ ಬರುವುದಿಲ್ಲ. ಅಭ್ಯರ್ಥಿಗಳ ಹೆಸರು ಕೂಡ ಅಂತಿಮವಾಗಿರದ ಹೊತ್ತಿಗೆ ಈ ಗಡುವು ಮುಗಿದಿರುತ್ತದೆ, ಇದು ನನಗೆ ಅನ್ಯಾಯವೆನಿಸುತ್ತದೆ. ಮೊದಲ ಬಾರಿ ನೋಂದಾಯಿಸಿಕೊಳ್ಳುವವರಿಗೆ ಮಾತ್ರ ಚುನಾವಣೆಗೆ ಹತ್ತು ದಿನ ಮುಂಚಿನವರೆಗೂ ಅವಕಾಶವಿದೆ.

ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ವೀಸಾದಲ್ಲಿರುವವರಿಗೆ ಮತವಿಲ್ಲ. ಅಂಥವರಿಗೂ ನಗರದ ಚುನಾವಣೆಯಲ್ಲಿ ಮತ ಕೊಡುವ ಕಾನೂನೊಂದು 2022ರಲ್ಲಿ ಬಂದಿತ್ತು. ಅದರಡಿ ಒಂದೂ ಚುನಾವಣೆ ನಡೆಯಲಿಲ್ಲ, 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. ಯಾರಾದರೂ 'ನೀವೂ ಹಾಕಬಹುದಂತೆ' ಎಂದರೆ ನಂಬಬೇಡಿ. ಪೌರರಲ್ಲದವರು ಮತ ಹಾಕಿದರೆ ವಲಸೆ ದಾಖಲೆಗೇ ಕುತ್ತು ಬರುತ್ತದೆ.

ಮತಪತ್ರದಲ್ಲಿ ಏನು ತಪ್ಪಾಗುತ್ತದೆ

ಒಬ್ಬರ ಹೆಸರಿನ ಮುಂದೆ ಐದೂ ಕಾಲಂ ತುಂಬುವುದು ಸಾಮಾನ್ಯ ತಪ್ಪು. ಅಭಿಮಾನ ಹೆಚ್ಚಾದಷ್ಟೂ ಮತ ಗಟ್ಟಿಯಾಗುತ್ತದೆ ಎಂಬ ಭಾವನೆ ಇದ್ದೀತು. ಯಂತ್ರ ಮೊದಲ ಗುರುತನ್ನು ಮಾತ್ರ ತೆಗೆದುಕೊಳ್ಳುತ್ತದೆ, ಉಳಿದ ನಾಲ್ಕು ವ್ಯರ್ಥ. ಒಬ್ಬರನ್ನೇ ಬರೆದು ಬಿಟ್ಟಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಒಂದೇ ಕಾಲಂನಲ್ಲಿ ಇಬ್ಬರಿಗೆ ಗುರುತು ಹಾಕುವುದು ಇದಕ್ಕಿಂತ ಕೆಟ್ಟದ್ದು. ಮೂರನೇ ಕಾಲಂನಲ್ಲಿ ಹೀಗಾದರೆ ಮೊದಲ ಎರಡು ಪ್ರಾಶಸ್ತ್ಯ ಉಳಿಯುತ್ತವೆ, ಮೂರರಿಂದಾಚೆಗಿನ ಎಲ್ಲವೂ ಹೋಗುತ್ತವೆ. ಮೊದಲ ಕಾಲಂನಲ್ಲೇ ಆದರೆ ಆ ಹುದ್ದೆಗೆ ಹಾಕಿದ ಇಡೀ ಮತವೇ ಹೋಯಿತು. ಮತಗಟ್ಟೆಯ ಸ್ಕ್ಯಾನರ್ ಇದನ್ನು ಹಿಡಿದು ಪರದೆಯ ಮೇಲೆ ಎಚ್ಚರಿಸುತ್ತದೆ. ಆಗ ಅವಸರಕ್ಕೆ ಬಿದ್ದು ಹಾಗೆಯೇ ಒಳಗೆ ತಳ್ಳದೆ ವಾಪಸ್ ತೆಗೆದುಕೊಂಡು ಹೊಸ ಮತಪತ್ರ ಕೇಳಬೇಕು, ಕೊಡುತ್ತಾರೆ. ಅಂಚೆಯಲ್ಲಿ ಕಳಿಸುವವರಿಗೆ ಎಚ್ಚರಿಸಲು ಯಂತ್ರವಿಲ್ಲ. ಮನೆಯಲ್ಲಿ ಕಾಲಂ ಒಂದೊಂದನ್ನೂ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿ, ಒಂದೇ ಗುರುತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಒಳಗಿನ ಲಕೋಟೆಯ ಮೇಲೆ ಸಹಿ ಮರೆತರೆ ಸರಿಪಡಿಸಲು ಪತ್ರ ಬರುತ್ತದೆ, ಆ ಪತ್ರವನ್ನು ಕಸದ ಅಂಚೆಯೆಂದು ಎಸೆಯಬಾರದು.

ಕಾಲಂ ಬಿಟ್ಟುಹೋದರೆ ಗಾಬರಿಯಿಲ್ಲ. ಮೊದಲನೆಯದು ಖಾಲಿ, ಎರಡನೆಯದು ತುಂಬಿದೆ ಎಂದರೆ ಎರಡನೆಯದೇ ಮೇಲಕ್ಕೆ ಬರುತ್ತದೆ. ನಮ್ಮ ಪರಿಷತ್ ಚುನಾವಣೆಯಲ್ಲಿ 1 ಎಂಬ ಅಂಕಿ ಇಲ್ಲದಿದ್ದರೆ ಮತಪತ್ರವೇ ತಿರಸ್ಕೃತ. ಅಲ್ಲಿನ ನಿಯಮ ಮತದಾರರ ಕಡೆಗೆ ಹೆಚ್ಚು ಕರುಣೆ ತೋರಿಸುತ್ತದೆ.

ಮತ್ತೊಂದು ಭಯ ಬಹಳ ಜನರಲ್ಲಿದೆ: ಎರಡನೇ ಹೆಸರು ಬರೆದರೆ ಮೊದಲನೆಯವರಿಗೆ ಪೆಟ್ಟು ಬೀಳುತ್ತದೆ ಎಂಬುದು. ಬೀಳುವುದಿಲ್ಲ. ನಿಮ್ಮ ಮೊದಲ ಆಯ್ಕೆಯವರು ಕಣದಲ್ಲಿರುವವರೆಗೆ ಎರಡನೆಯ ಹೆಸರನ್ನು ಯಂತ್ರ ನೋಡುವುದೇ ಇಲ್ಲ.

ಒಂದು ಸುತ್ತಿನ ಒಳಗೆ: 2021

ಮೊದಲ ಸುತ್ತಿನಲ್ಲಿ ಆಡಮ್ಸ್‌ಗೆ ಸುಮಾರು ಶೇ. 31, ಮಾಯಾ ವೈಲಿಗೆ 21, ಗಾರ್ಸಿಯಾಗೆ 20ಕ್ಕೆ ಸ್ವಲ್ಪ ಕಡಿಮೆ, ಆಂಡ್ರ್ಯೂ ಯಾಂಗ್‌ಗೆ 12. ಅಂದರೆ ಗಾರ್ಸಿಯಾ ಮೂರನೇ ಸ್ಥಾನದಲ್ಲಿದ್ದರು. ಮತದಾನಕ್ಕೆ ಮೂರು ದಿನ ಇರುವಾಗ ಯಾಂಗ್ ಗಾರ್ಸಿಯಾ ಜೊತೆ ಪ್ರಚಾರಕ್ಕಿಳಿದು, ನನ್ನನ್ನು ಮೊದಲು, ಇವರನ್ನು ಎರಡನೆಯದಾಗಿ ಬರೆಯಿರಿ ಎಂದು ಕೇಳಿಕೊಂಡಿದ್ದರು. ಗಾರ್ಸಿಯಾ ಆ ಮಾತನ್ನು ಹಿಂದಿರುಗಿಸಲಿಲ್ಲ. ಯಾಂಗ್ ಹೊರಬಿದ್ದಾಗ ಅವರ ಮತಗಳ ದೊಡ್ಡ ಪಾಲು ಗಾರ್ಸಿಯಾ ಕಡೆ ಹರಿದು, ಅವರು ವೈಲಿಯನ್ನು ದಾಟಿದರು.

ಈಗ ಉಳಿದವರು ಮೂವರು. ವೈಲಿ ಗಾರ್ಸಿಯಾಗಿಂತ ಸುಮಾರು 12,000 ಮತ ಹಿಂದೆ ಬಿದ್ದು ಹೊರಗಾದರು. ಆಗ ಅವರ ರಾಶಿಯಲ್ಲಿದ್ದದ್ದು ಸುಮಾರು 2,54,000 ಮತಪತ್ರ. ಅವುಗಳಲ್ಲಿ 1,30,000ದಷ್ಟು ಗಾರ್ಸಿಯಾಗೆ, 50,000ದಷ್ಟು ಆಡಮ್ಸ್‌ಗೆ ಹೋದವು. ಉಳಿದ ಸುಮಾರು 74,000 ಮತಪತ್ರಗಳಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಈ ರಾಶಿಯ ಹತ್ತರಲ್ಲಿ ಒಂದು ಪಾಲು, ಗಾರ್ಸಿಯಾ ಹೆಸರನ್ನು ಐದನೇ ಕಾಲಂನಲ್ಲಾದರೂ ಬರೆದಿದ್ದರೆ ನಗರದ ಮೇಯರ್ ಬೇರೆಯಾಗುತ್ತಿದ್ದರು. ಅದೇ ಜನ ಆಡಮ್ಸ್ ಹೆಸರು ಬರೆದಿದ್ದರೆ ಅವರ ಗೆಲುವಿಗೆ ಯಾರೂ ಬೆರಳು ತೋರಿಸದಂಥ ಅಂತರ ಸಿಗುತ್ತಿತ್ತು. ಯಾವ ಕಡೆಗಾದರೂ ಸರಿ, ಕೊನೆಯ ತೀರ್ಮಾನ ಅವರಿಲ್ಲದೆ ಆಯಿತು.

ಆದ್ದರಿಂದ ಪಟ್ಟಿ ಮಾಡುವ ಕ್ರಮ ಹೀಗಿದ್ದರೆ ಒಳ್ಳೆಯದು: ಮೇಲಿನ ಕಾಲಂಗಳಲ್ಲಿ ಮನಸ್ಸಿಗೆ ಹಿಡಿಸಿದವರು, ಗೆಲ್ಲಲಿ ಬಿಡಲಿ. ಐದರೊಳಗೆ ಎಲ್ಲಾದರೂ ಒಂದು ಕಡೆ, ಕೊನೆಯ ಇಬ್ಬರಲ್ಲಿ ಒಬ್ಬರಾಗುವ ಸಂಭವವಿರುವವರಲ್ಲಿ ನಿಮಗೆ ಸಹ್ಯವಾದವರು. ಯಾರು ಖಂಡಿತ ಬೇಡವೋ ಅವರ ಹೆಸರನ್ನು ಐದನೆಯದಾಗಿಯೂ ಬರೆಯಬಾರದು. ಐದನೇ ಪ್ರಾಶಸ್ತ್ಯವೂ ಕೊನೆಗೆ ಒಂದು ಪೂರ್ತಿ ಮತವೇ.

ಎಣಿಕೆಯ ರಾತ್ರಿಯ ಅಂಕಿ ಅಂತಿಮವಲ್ಲ

ಮತದಾನದ ರಾತ್ರಿ ಹೊರಬರುವುದು ಮೊದಲ ಪ್ರಾಶಸ್ತ್ಯದ ಲೆಕ್ಕ ಮಾತ್ರ. ಸುತ್ತುಗಳ ಎಣಿಕೆ ಒಂದು ವಾರದ ಮೇಲೆ, ಅದೂ ತಾತ್ಕಾಲಿಕ. ಅಂಚೆ ಮತಗಳ ಮೇಲೆ ಚುನಾವಣೆಯ ದಿನದೊಳಗಿನ ಮುದ್ರೆ ಇದ್ದು ಏಳು ದಿನದಲ್ಲಿ ತಲುಪಿದರೆ ಸ್ವೀಕರಿಸಬೇಕು. ಅವೆಲ್ಲ ಕೂಡಿದಾಗ ಯಾರು ಯಾವ ಸುತ್ತಿನಲ್ಲಿ ಹೊರಬೀಳುತ್ತಾರೆ ಎಂಬುದೇ ಬದಲಾಗಬಹುದು.

2021ರಲ್ಲಿ ಇದರ ಮೇಲೆ ಇನ್ನೊಂದು ಅವಘಡವೂ ಸೇರಿತು. ಜೂನ್ 29ರಂದು ಚುನಾವಣಾ ಮಂಡಳಿ ಸುತ್ತುಗಳ ಫಲಿತಾಂಶ ಪ್ರಕಟಿಸಿತು. ಮತದಾನದ ರಾತ್ರಿ ಹೇಳಿದ ಒಟ್ಟು ಮತಕ್ಕಿಂತ ಇದರಲ್ಲಿ ಲಕ್ಷಕ್ಕೂ ಹೆಚ್ಚು ಮತಗಳಿವೆಯಲ್ಲ ಎಂಬ ಪ್ರಶ್ನೆ ಎದ್ದಿತು. ಕಾರಣ: ತಂತ್ರಾಂಶವನ್ನು ಪರೀಕ್ಷಿಸಲು ಹಾಕಿದ್ದ ಸುಮಾರು 1,35,000 ನಕಲಿ ಮತಪತ್ರಗಳನ್ನು ಅಳಿಸದೆಯೇ ಎಣಿಸಿದ್ದರು. ಅದೇ ದಿನ ಫಲಿತಾಂಶ ಹಿಂತೆಗೆದುಕೊಂಡು ಮರುದಿನ ಸರಿಯಾದದ್ದನ್ನು ಕೊಟ್ಟರು. ತಪ್ಪು ಪ್ರಾಶಸ್ತ್ಯ ಪದ್ಧತಿಯದಲ್ಲ, ಒಂದು ಕಡತವನ್ನು ಖಾಲಿ ಮಾಡದ ಕೆಲಸಗಾರಿಕೆಯದು. ಆದರೆ ಹೊಸ ಪದ್ಧತಿಯ ಮೊದಲ ದೊಡ್ಡ ಪರೀಕ್ಷೆಯಲ್ಲೇ ಹೀಗಾದದ್ದು ಜನರ ವಿಶ್ವಾಸಕ್ಕೆ ಬಿದ್ದ ದೊಡ್ಡ ಏಟು. ಸರಿಪಡಿಸಿದ ಆ ಲೆಕ್ಕದಲ್ಲಿ ವೈಲಿ ಗಾರ್ಸಿಯಾಗಿಂತ ಕೇವಲ 347 ಮತ ಹಿಂದಿದ್ದರು. ಅಂಚೆ ಮತಗಳು ಬಂದ ಮೇಲೆ ಅದು 12,000 ಆಯಿತು.

2025: ಅಭ್ಯರ್ಥಿಗಳೂ ಕಲಿತರು

ನಾಲ್ಕು ವರ್ಷದ ಹಿಂದೆ ಯಾಂಗ್ ಒಬ್ಬರೇ ಕೈ ಚಾಚಿದ್ದರು. 2025ರ ಜೂನ್‌ನಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್ ಪರಸ್ಪರ ಬೆಂಬಲ ಘೋಷಿಸಿದರು: ನನ್ನವರು ಎರಡನೆಯದಾಗಿ ನಿಮ್ಮನ್ನು ಬರೆಯಲಿ, ನಿಮ್ಮವರು ನನ್ನನ್ನು. ವರ್ಕಿಂಗ್ ಫ್ಯಾಮಿಲೀಸ್ ಎಂಬ ಸಣ್ಣ ಎಡಪಂಥೀಯ ಪಕ್ಷ ಹೆಸರುಗಳ ಪಟ್ಟಿಯನ್ನೇ ಕ್ರಮವಾಗಿ ಕೊಟ್ಟಿತು. ರಾಜ್ಯದ ಮಾಜಿ ಗವರ್ನರ್ ಆಂಡ್ರ್ಯೂ ಕ್ವೋಮೊ ಹೆಸರನ್ನು ಯಾವ ಕಾಲಂನಲ್ಲೂ ಬರೆಯಬೇಡಿ ಎಂಬ ಪ್ರಚಾರ ಬೇರೆ ನಡೆಯಿತು. ಪ್ರಾಶಸ್ತ್ಯ ಮತದಲ್ಲಿ ಬರೆಯದಿರುವುದೂ ಒಂದು ಅಸ್ತ್ರ ಎಂದು ಅರಿತವರ ಕೆಲಸ ಅದು.

ಮೊದಲ ಸುತ್ತಿನಲ್ಲಿ ಮಮ್ದಾನಿಗೆ ಸುಮಾರು ಶೇ. 44, ಕ್ವೋಮೊಗೆ 36, ಲ್ಯಾಂಡರ್‌ಗೆ 11. ಕಣದಲ್ಲಿ ಹನ್ನೊಂದು ಜನರಿದ್ದರೂ ಎಣಿಕೆ ಮೂರೇ ಸುತ್ತಿಗೆ ಮುಗಿಯಿತು. ಏಕೆಂದರೆ ಮೂರನೆಯವರಿಂದ ಕೆಳಗಿನ ಎಲ್ಲರ ಮತ ಕೂಡಿಸಿದರೂ ಸುಮಾರು 20, ಅದು ಎರಡನೆಯವರ 36ನ್ನು ಮುಟ್ಟುವುದಿಲ್ಲ. ಹಾಗಿರುವಾಗ ಒಬ್ಬೊಬ್ಬರನ್ನೇ ತೆಗೆಯುವ ಅಗತ್ಯವಿಲ್ಲ, ಎಲ್ಲರನ್ನೂ ಒಟ್ಟಿಗೆ ಹೊರಗಿಡುತ್ತಾರೆ. ಕೊನೆಗೆ ಮಮ್ದಾನಿ 5,73,169, ಕ್ವೋಮೊ 4,43,229. ಈ ಸಲ ಹೊರಬಿದ್ದ ಮತಪತ್ರಗಳು ನೂರಕ್ಕೆ ಐದರಷ್ಟು, 2021ರಲ್ಲಿ ಹದಿನೈದರಷ್ಟಿತ್ತು. ಇದಕ್ಕೆ ಮತದಾರರ ಜಾಣತನ ಒಂದೇ ಕಾರಣವಲ್ಲ. ಮೊದಲ ಇಬ್ಬರೇ ಶೇ. 80 ಮತ ಪಡೆದಿದ್ದಾಗ ಹೊರಬೀಳುವ ಮತಗಳ ರಾಶಿಯೇ ಚಿಕ್ಕದು.

ದುಡ್ಡಿನ ವಿಷಯವನ್ನೂ ಇಲ್ಲಿ ಹೇಳಬೇಕು. ನಗರದ ನಿವಾಸಿಯೊಬ್ಬರು ಮೇಯರ್ ಅಭ್ಯರ್ಥಿಗೆ 10 ಡಾಲರ್ ಕೊಟ್ಟರೆ ನಗರದ ಬೊಕ್ಕಸದಿಂದ 80 ಡಾಲರ್ ಸೇರುತ್ತದೆ. ಒಬ್ಬರ ದೇಣಿಗೆಯ ಮೊದಲ 250 ಡಾಲರಿಗೆ ಮಾತ್ರ ಈ ಎಂಟು ಪಟ್ಟು. ಅದಕ್ಕೆ ಅರ್ಹರಾಗಲು ನಗರವಾಸಿಗಳಾದ ಕನಿಷ್ಠ 1,000 ಜನರಿಂದ ಒಟ್ಟು 2,50,000 ಡಾಲರ್ ಸಂಗ್ರಹಿಸಿರಬೇಕು, ಪ್ರತಿ ದೇಣಿಗೆಗೂ ಸರಿಯಾದ ದಾಖಲೆ ಇರಬೇಕು. ದಾಖಲೆ ಸರಿಯಿಲ್ಲದ ದೇಣಿಗೆಗೆ ಕಾಸೂ ಬರುವುದಿಲ್ಲ. ಪ್ರತಿಯಾಗಿ ಖರ್ಚಿಗೆ ಮಿತಿಯಿದೆ. 2025ರ ಮಾರ್ಚ್‌ನಲ್ಲೇ ಮಮ್ದಾನಿ ಮಿತಿ ಮುಟ್ಟುತ್ತಿದ್ದೇವೆ, ಇನ್ನು ಹಣ ಕಳಿಸಬೇಡಿ ಎಂದು ಬೆಂಬಲಿಗರಿಗೆ ಹೇಳಿದ್ದು ಇದೇ ಕಾರಣಕ್ಕೆ. ಆದರೆ ಅಭ್ಯರ್ಥಿಯ ಕೈಗೆ ಸೇರದೆ ಹೊರಗಿನಿಂದಲೇ ಖರ್ಚು ಮಾಡುವ ಸಮಿತಿಗಳಿಗೆ ಮಿತಿಯಿಲ್ಲ. ಕ್ವೋಮೊ ಪರವಾಗಿ ಅಂಥ ಒಂದು ಸಮಿತಿ ಎರಡು ಕೋಟಿ ಡಾಲರಿಗೂ ಹೆಚ್ಚು ಸುರಿಯಿತು.

ನವೆಂಬರಿನಲ್ಲಿ ನಿಯಮ ಬೇರೆ

ಪ್ರಾಶಸ್ತ್ಯ ಮತ ಇರುವುದು ಪ್ರೈಮರಿ ಮತ್ತು ಉಪಚುನಾವಣೆಗಳಿಗೆ ಮಾತ್ರ. ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಒಂದೇ ಗುರುತು, ಹೆಚ್ಚು ಮತ ಬಂದವರು ಗೆದ್ದಂತೆ. ಅಲ್ಲಿ ಗೊಂದಲ ಹುಟ್ಟಿಸುವುದು ಒಬ್ಬರ ಹೆಸರೇ ಎರಡು ಪಕ್ಷದ ಸಾಲಿನಲ್ಲಿ ಕಾಣುವುದು. 2025ರಲ್ಲಿ ಮಮ್ದಾನಿ ಡೆಮಾಕ್ರಟಿಕ್ ಸಾಲಿನಲ್ಲೂ ವರ್ಕಿಂಗ್ ಫ್ಯಾಮಿಲೀಸ್ ಸಾಲಿನಲ್ಲೂ ಇದ್ದರು. ನ್ಯೂಯಾರ್ಕ್ ರಾಜ್ಯದ ಕಾನೂನು ಇದಕ್ಕೆ ಒಪ್ಪುತ್ತದೆ, ಎರಡೂ ಸಾಲಿನ ಮತ ಕೂಡಿಸಿ ಅವರ ಲೆಕ್ಕಕ್ಕೆ ಹಾಕುತ್ತಾರೆ. ಯಾವುದಾದರೂ ಒಂದು ಸಾಲಿನಲ್ಲಿ ಗುರುತು ಹಾಕಿದರೆ ಸಾಕು.

ಸ್ಪರ್ಧೆಯಿಂದ ಹಿಂದೆ ಸರಿದವರ ಹೆಸರು ಉಳಿದುಬಿಡುವುದು ಇನ್ನೊಂದು ತೊಡಕು. ಪ್ರೈಮರಿಗೆ ನಿಲ್ಲದೆ ಸ್ವತಂತ್ರವಾಗಿ ಸ್ಪರ್ಧಿಸಿದ್ದ ಆಗಿನ ಮೇಯರ್ ಆಡಮ್ಸ್ ಸೆಪ್ಟೆಂಬರ್ 28ರಂದು ಹಿಂದೆ ಸರಿದರು. ಮತಪತ್ರದಲ್ಲಿ ಅವರ ಹೆಸರು ಹಾಗೆಯೇ ಇತ್ತು. ಪ್ರೈಮರಿಯಲ್ಲಿ ಸೋತ ಕ್ವೋಮೊ ಕೂಡ ಸ್ವತಂತ್ರವಾಗಿ ಕಣಕ್ಕಿಳಿದರು. ರಿಪಬ್ಲಿಕನ್ ಕರ್ಟಿಸ್ ಸ್ಲಿವಾ ಹಿಂದೆ ಸರಿಯಬೇಕೆಂಬ ಒತ್ತಡ ಕೊನೆಯವರೆಗೂ ಇತ್ತು, ಅವರು ಸರಿಯಲಿಲ್ಲ. ನವೆಂಬರ್ 4ರಂದು 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು, 1969ರ ನಂತರ ಅಷ್ಟು ಮತದಾನ ಆಗಿರಲಿಲ್ಲ. ಮಮ್ದಾನಿಗೆ ಅರ್ಧಕ್ಕಿಂತ ತುಸು ಹೆಚ್ಚು, ಕ್ವೋಮೊಗೆ ಸುಮಾರು ಶೇ. 41, ಸ್ಲಿವಾಗೆ 7. ಎರಡನೆಯವರದ್ದನ್ನೂ ಮೂರನೆಯವರದ್ದನ್ನೂ ಕೂಡಿಸಿದರೂ ಮೊದಲನೆಯವರನ್ನು ಮುಟ್ಟುವುದಿಲ್ಲವಾದ್ದರಿಂದ ಮತ ಒಡೆದು ಗೆದ್ದರೆಂಬ ವಾದಕ್ಕೆ ಜಾಗ ಉಳಿಯಲಿಲ್ಲ. ಈ ಸಲ ಹೀಗಾಯಿತು ಎಂದು ಮುಂದೆಯೂ ಆಗಬೇಕಿಲ್ಲ. ಶೇ. 38, 36, 24 ಎಂದು ಹಂಚಿಹೋದರೆ ನವೆಂಬರಿಗೂ ಪ್ರಾಶಸ್ತ್ಯ ಮತ ಬೇಕೆಂಬ ಕೂಗು ಆ ರಾತ್ರಿಯೇ ಏಳುತ್ತದೆ. ನನ್ನ ಮಟ್ಟಿಗೆ, ಅದನ್ನು ಮೊದಲೇ ಮಾಡಬೇಕಿತ್ತು.

ಅದೇ ದಿನ, ನಗರದ ಚುನಾವಣೆಗಳನ್ನು ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಸೇರಿಸೋಣವೇ ಎಂಬ ಪ್ರಶ್ನೆಯೂ ಮತಪತ್ರದ ಮೇಲಿತ್ತು. ಜನ ಬೇಡವೆಂದರು. ಹಾಗಾಗಿ ಮುಂದಿನ ಮೇಯರ್ ಪ್ರೈಮರಿ 2029ರ ಜೂನ್‌ನಲ್ಲೇ. ಪಕ್ಷ ಬದಲಿಸಲು ಅಥವಾ ಖಾಲಿ ಪೆಟ್ಟಿಗೆ ತುಂಬಲು ಈಗಿನ ನಿಯಮದಂತೆ ಆ ವರ್ಷದ ಫೆಬ್ರವರಿ 14 ಗಡುವು. ಅಲ್ಲಿಯವರೆಗೆ ನಿಮ್ಮ ಕೌನ್ಸಿಲ್ ಸ್ಥಾನ ಮಧ್ಯದಲ್ಲಿ ತೆರವಾದರೆ ಉಪಚುನಾವಣೆಗೆ ಪಕ್ಷದ ಹಂಗಿಲ್ಲ. ಪಕ್ಷದಲ್ಲಿ ನೋಂದಾಯಿಸದವರಿಗೂ ಅದೇ ಐದು ಕಾಲಂಗಳ ಮತಪತ್ರ ಸಿಗುತ್ತದೆ.